ಮುಂದೂಡಿ ಎಂದು ಕೂಗುವ ಮೊದಲು ಮುನವಳ್ಳಿಯತ್ತ ನೋಡಿ



ನೀಟ್ ಹತ್ತಿರ ಬಂತೆಂದರೆ ನಿಮ್ಮ ಮೊಬೈಲಿಗೆ ಒಂದು ಮನವಿ ಬರುತ್ತದೆ. ಹೆಸರು, ಊರು ತುಂಬಿ ಒಂದು ಗುಂಡಿ ಒತ್ತಿದರೆ ಸಾಕು. ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಮುಂದೂಡಿ ಎಂದು ದಿಲ್ಲಿಯನ್ನು ಒತ್ತಾಯಿಸಿದ ದೊಡ್ಡ ಗುಂಪಿನಲ್ಲಿ ನೀವೂ ಒಬ್ಬರಾಗುತ್ತೀರಿ. 2020ರಲ್ಲಿ ಈ ಕೂಗು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗಸ್ಟ್ 17ರಂದು ಕೋರ್ಟು ಆಗುವುದಿಲ್ಲ ಎಂದಿತು. 2021ರ ಸೆಪ್ಟೆಂಬರಿನಲ್ಲಿ ಮತ್ತೆ ಹೋಯಿತು, ಮತ್ತೆ ಇಲ್ಲ. 2022ರ ಜುಲೈನಲ್ಲಿ ದಿಲ್ಲಿ ಹೈಕೋರ್ಟಿಗೆ ಹೋಯಿತು, ಅಲ್ಲೂ ಇಲ್ಲ. ಆದರೂ ಕೂಗು ನಿಂತಿಲ್ಲ. ನಿಲ್ಲುವುದೂ ಇಲ್ಲ, ಯಾಕೆಂದರೆ ಓದು ಮುಗಿದಿದೆ ಎಂದು ಹೇಳುವ ವಿದ್ಯಾರ್ಥಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ ಕುಳಿತ ನೀವು ಆ ಗುಂಡಿ ಒತ್ತಬೇಕೆ? ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳಕ್ಕೆ ಬನ್ನಿ. ಇಡೀ ದೇಶದ ಪರೀಕ್ಷೆಯನ್ನು ಮುಂದೂಡಿ ಎಂದು ನಾವು ಕೇಳಬಾರದು. ತಮ್ಮದಲ್ಲದ ತಪ್ಪಿಗೆ ಪರೀಕ್ಷೆ ಕಳೆದುಕೊಂಡವರಿಗೆ ಎರಡನೇ ದಿನ ಇರಲೇಬೇಕು ಎಂದು ಕೇಳಬೇಕು. ಅದೂ ಮಂತ್ರಿಯ ಕೃಪೆಯಾಗಿ ಅಲ್ಲ, ಮೊದಲೇ ಅಚ್ಚಾದ ನಿಯಮವಾಗಿ, ಕನ್ನಡದಲ್ಲಿ.

ಯಾಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹೊತ್ತು ಮುನವಳ್ಳಿಗೆ ಬನ್ನಿ.

ಮುನವಳ್ಳಿ ಎಲ್ಲಿದೆ ಎಂದು ನಿಮ್ಮಲ್ಲಿ ಅರ್ಧ ಜನ ಕೇಳುತ್ತೀರಿ. ಬೆಳಗಾವಿ ಜಿಲ್ಲೆ, ಸವದತ್ತಿ ತಾಲೂಕು, ಮಲಪ್ರಭೆಯ ದಂಡೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ನೀವಿರಬಹುದು, ನವಿಲುತೀರ್ಥದ ಅಣೆಕಟ್ಟೆಯ ಎದುರು ನಿಂತು ಫೋಟೋ ತೆಗೆಸಿಕೊಂಡವರೂ ಇರಬಹುದು. ಆ ಅಣೆಕಟ್ಟೆಯ ಮಗ್ಗುಲ ಊರೇ ಮುನವಳ್ಳಿ. ಪಂಚಲಿಂಗೇಶ್ವರ ಗುಡಿ ಇದೆ, ಹಳೆಯ ಕೋಟೆ ಇದೆ, ಸುತ್ತ ಎರೆಮಣ್ಣಿನ ಹೊಲ ಇದೆ. ಇಲ್ಲದಿರುವುದು ರೈಲು. ರೈಲು ಹತ್ತಬೇಕಾದರೆ ಬಸ್ಸು ಹಿಡಿದು ಸವದತ್ತಿ ದಾಟಿ ಧಾರವಾಡಕ್ಕೆ ಹೋಗಬೇಕು, ಐವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಬೆಂಗಳೂರು ಇನ್ನೂ ನಾನೂರು ಕಿಲೋಮೀಟರಿಗೂ ಹೆಚ್ಚು.

ಇಂಥ ಊರಿನಿಂದ ಡಾಕ್ಟರಾಗಲು ಹೊರಟ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹತ್ತನೇ ಇಯತ್ತೆಯವರೆಗೆ ಕನ್ನಡ ಶಾಲೆ. ಪಿಯುಸಿ ವಿಜ್ಞಾನಕ್ಕೆ ಧಾರವಾಡ. ಅಲ್ಲಿ ಹಾಸ್ಟೆಲ್ ಅಥವಾ ನಾಲ್ಕು ಜನ ಕೂಡಿದ ಬಾಡಿಗೆ ಕೋಣೆ. ಊರಿನಿಂದ ಬಸ್ಸಿನಲ್ಲಿ ಬರುವ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಅಪ್ಪ ಕಬ್ಬಿನ ಬಿಲ್ಲಿಗೆ ಕಾಯುವವ, ಅಥವಾ ಇನ್ನೊಬ್ಬರ ಹೊಲದಲ್ಲಿ ದುಡಿಯುವವ. ಅವನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿರುತ್ತಾನೆ: ಮೇ ತಿಂಗಳ ಮೊದಲ ವಾರಕ್ಕೆ ಪರೀಕ್ಷೆ, ಅಲ್ಲಿಗೆ ಕೋಣೆ ಖಾಲಿ, ಅಲ್ಲಿಗೆ ಖರ್ಚು ಬಂದ್.

ಈಗ ಪರೀಕ್ಷೆಯನ್ನು ಎರಡು ತಿಂಗಳು ಮುಂದಕ್ಕೆ ಹಾಕಿ ನೋಡಿ. ಬೆಂಗಳೂರಿನ ಜಯನಗರದ ಹುಡುಗನಿಗೆ ಇದರಿಂದ ಏನಾಗುತ್ತದೆ? ಅದೇ ಮನೆ, ಅದೇ ಮಂಚ, ಅದೇ ಅಮ್ಮನ ಕೈಯ ಕಾಫಿ. ಕೋಚಿಂಗಿನವರು ಎರಡು ತಿಂಗಳ ಹೊಸ ಕೋರ್ಸ್ ತೆರೆಯುತ್ತಾರೆ, ಅಪ್ಪ ಫೀಸು ಕಟ್ಟುತ್ತಾನೆ, ಇವನು ಇನ್ನೂ ಇಪ್ಪತ್ತು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಾನೆ. ಮುನವಳ್ಳಿಯ ಹುಡುಗಿಗೆ ಎರಡು ತಿಂಗಳ ಬಾಡಿಗೆ, ಎರಡು ತಿಂಗಳ ಊಟ. ಅದು ಆಗದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ. ಊರಿಗೆ ಬಂದರೆ ಓದು ಎಲ್ಲಿ ಸ್ವಾಮಿ? ಮುಂಗಾರು ಬಿತ್ತನೆ ಶುರುವಾಗಿರುತ್ತದೆ. ಮನೆಗೆ ಬಂದ ನೆಂಟರು, “ಇನ್ನಾ ಎಷ್ಟ ದಿನಾ ಓದತಾಳವಾ ಈಕಿ?” ಎಂದು ಕೇಳಿ ಹೋಗುತ್ತಾರೆ. ಕೇಳಿದವರು ಮರೆಯುತ್ತಾರೆ, ಕೇಳಿಸಿಕೊಂಡ ಅಪ್ಪ ಮರೆಯುವುದಿಲ್ಲ.

ಎರಡು ತಿಂಗಳು ಎನ್ನುವುದು ಎಲ್ಲರಿಗೂ ಒಂದೇ ಅರವತ್ತು ದಿನ ಅಲ್ಲ ಎನ್ನುವುದು ದಿಲ್ಲಿಗೆ ಅರ್ಥವಾಗದಿದ್ದರೆ ಕ್ಷಮಿಸೋಣ. ನಿಮಗೂ ಅರ್ಥವಾಗದಿದ್ದರೆ ಹೇಗೆ?

ಇನ್ನೊಂದು ವಿಷಯ ಇದೆ, ಯಾರೂ ಮಾತನಾಡುವುದಿಲ್ಲ. ಮೇ ತಿಂಗಳ ಪರೀಕ್ಷೆಯನ್ನು ಮುಂದೂಡಿದರೆ ಅದು ಹೋಗಿ ಬೀಳುವುದು ಎಲ್ಲಿ? ಮಳೆಗಾಲದಲ್ಲಿ. 2020ರಲ್ಲಿ ನೀಟ್ ಮೇ 3ಕ್ಕೆ ಇತ್ತು. ಕೊರೋನಾ ಬಂತು, ಜುಲೈ 26ಕ್ಕೆ ಹೋಯಿತು, ಅಲ್ಲಿಂದ ಸೆಪ್ಟೆಂಬರ್ 13ಕ್ಕೆ ಹೋಯಿತು. ಒಟ್ಟು 133 ದಿನ. ದಿಲ್ಲಿಯ ಕ್ಯಾಲೆಂಡರಿನಲ್ಲಿ ಅದು ಬರೀ ಮೂರು ಚೌಕಗಳ ಅಂತರ. ನಮ್ಮ ಕಡೆ ಅದು ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ತುಂಬಿ ಬರುವ ಕಾಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಮುನವಳ್ಳಿಯಿಂದ ರಾಮದುರ್ಗದ ತನಕ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ವರ್ಷದ ಪರೀಕ್ಷೆ ಮೇ ತಿಂಗಳಲ್ಲೇ ಮುಗಿದಿತ್ತು ಎನ್ನುವುದು ನಮ್ಮ ಪುಣ್ಯ. ಅಂಥ ಆಗಸ್ಟಿನ ನಡುವೆ ಪರೀಕ್ಷೆ ಬಿದ್ದಿದ್ದರೆ ಪ್ರವೇಶಪತ್ರ ಹಿಡಿದು ಯಾವ ಸೇತುವೆ ದಾಟುವುದು?

ಹಾಗಾದರೆ 2020ರಲ್ಲಿ ಮುಂದೂಡಿದ್ದು ತಪ್ಪೆ? ಅಲ್ಲ. ಮೇ ತಿಂಗಳಲ್ಲಿ ಬಸ್ಸೇ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ನನ್ನ ತಕರಾರು ಅದಲ್ಲ. ಸೆಪ್ಟೆಂಬರ್ 13ಕ್ಕೆ ಪರೀಕ್ಷೆ ನಡೆಸಲೇಬೇಕು ಎಂದು ನಿರ್ಧರಿಸಿದ ಮೇಲೆ ಬರಲಾಗದವರ ಗತಿ ಏನು ಎಂದು ಮೊದಲೇ ಯಾಕೆ ಹೇಳಲಿಲ್ಲ ಎನ್ನುವುದು ನನ್ನ ತಕರಾರು. ಲೆಕ್ಕ ನೋಡಿ. 2019ರಲ್ಲಿ 15.19 ಲಕ್ಷ ಜನ ಹೆಸರು ನೋಂದಾಯಿಸಿ 14.10 ಲಕ್ಷ ಜನ ಬರೆದರು. ಗೈರಾದವರು ಒಂದು ಲಕ್ಷದ ಮೇಲೆ ಸ್ವಲ್ಪ. 2020ರಲ್ಲಿ ನೋಂದಾಯಿಸಿದವರು 15.97 ಲಕ್ಷ, ಬರೆದವರು 13.66 ಲಕ್ಷ. ಗೈರಾದವರು ಎರಡು ಲಕ್ಷ ಮೂವತ್ತು ಸಾವಿರ. ಒಂದೇ ವರ್ಷದಲ್ಲಿ ದುಪ್ಪಟ್ಟು. ಇವರೆಲ್ಲ ಸೋಮಾರಿಗಳೆ? ಇವರಲ್ಲಿ ಸೋಂಕು ತಗುಲಿದವರಿಗೆ, ನಿರ್ಬಂಧಿತ ವಲಯದಲ್ಲಿ ಸಿಕ್ಕಿಬಿದ್ದವರಿಗೆ ಇನ್ನೊಂದು ಅವಕಾಶ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು ಅಕ್ಟೋಬರ್ 12ಕ್ಕೆ. ಪರೀಕ್ಷೆ ಅಕ್ಟೋಬರ್ 14ಕ್ಕೆ. ನಡುವೆ ಒಂದು ದಿನ! ಊರಿಗೆ ಮರಳಿ ಪುಸ್ತಕ ಕಟ್ಟಿ ಅಟ್ಟದ ಮೇಲಿಟ್ಟ ಹುಡುಗನಿಗೆ ಆ ಸುದ್ದಿ ಮುಟ್ಟುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ.

ಅದೇ ವರ್ಷ ನಮ್ಮ ಕರ್ನಾಟಕ ಏನು ಮಾಡಿತು ಎನ್ನುವುದನ್ನೂ ನೋಡಿ. ತಮಿಳುನಾಡು, ತೆಲಂಗಾಣಗಳು ಹತ್ತನೇ ತರಗತಿ ಪರೀಕ್ಷೆಯನ್ನೇ ರದ್ದು ಮಾಡಿದವು. ಇಲ್ಲಿ ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿಯೇ ಬಿಟ್ಟರು. ಬೈದವರು ಬಹಳ. ಆದರೆ ಅವರು ಮೊದಲೇ ಒಂದು ಮಾತು ಹೇಳಿದ್ದರು: ಕೊರೋನಾ ಕಾರಣಕ್ಕೆ ಈಗ ಬರೆಯಲಾಗದವರು ಪೂರಕ ಪರೀಕ್ಷೆಗೆ ಬರಲಿ, ಅದನ್ನು ಅವರ ಮೊದಲ ಪ್ರಯತ್ನ ಎಂದೇ ಪರಿಗಣಿಸುತ್ತೇವೆ ಎಂದು. ಇಡೀ ವಾದ ಈ ಒಂದು ಮಾತಿನಲ್ಲಿದೆ. ಪರೀಕ್ಷೆಯೂ ನಡೆಯಿತು, ಬಾಗಿಲೂ ಮುಚ್ಚಲಿಲ್ಲ. ಜುಲೈ 30 ಮತ್ತು 31ಕ್ಕೆ ಸಿಇಟಿಯೂ ನಡೆಯಿತು, ಸೋಂಕು ತಗುಲಿದ ಮಕ್ಕಳಿಗೆ ಪ್ರತ್ಯೇಕ ಕೋಣೆಯ ವ್ಯವಸ್ಥೆಯೂ ಆಯಿತು. ಮಲ್ಲೇಶ್ವರದಲ್ಲಿ ಕುಳಿತ ಪರೀಕ್ಷಾ ಪ್ರಾಧಿಕಾರಕ್ಕೆ ಸಾಧ್ಯವಾದದ್ದು ದಿಲ್ಲಿಗೆ ಯಾಕೆ ಅಸಾಧ್ಯ?

ನೆನಪಿರಲಿ, ವೈದ್ಯಕೀಯ ಸೀಟಿನ ಪರೀಕ್ಷೆಯೂ ಒಂದು ಕಾಲಕ್ಕೆ ನಮ್ಮದೇ ಆಗಿತ್ತು. 1994ರಿಂದ ಸಿಇಟಿ ಮೂಲಕವೇ ಹಳ್ಳಿಯ ಹುಡುಗರು ಹುಬ್ಬಳ್ಳಿಯ ಕಿಮ್ಸ್‌ಗೆ, ಬೆಂಗಳೂರು ಮೆಡಿಕಲ್‌ಗೆ ಹೋದರು. ಅದು ಕೈಬಿಟ್ಟು ಹೋದ ವರ್ಷದ ರಾಮಾಯಣ ಕೇಳಿ. 2016ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು ಆ ವರ್ಷದಿಂದಲೇ ನೀಟ್ ಕಡ್ಡಾಯ ಎಂದಿತು. ನಮ್ಮ ಸಿಇಟಿ ಇದ್ದದ್ದು ಮೇ 4 ಮತ್ತು 5ಕ್ಕೆ! ಎರಡು ವರ್ಷ ಸಿಇಟಿಗೆಂದು ಓದಿದ ಮಗು ಒಂದು ವಾರ ಮೊದಲು, ಈ ಪರೀಕ್ಷೆ ಡಾಕ್ಟರಾಗಲು ಲೆಕ್ಕಕ್ಕಿಲ್ಲ ಎಂದು ಕೇಳಿಸಿಕೊಂಡಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಗದ್ದಲ ಎಬ್ಬಿಸಿದ ಮೇಲೆ ಮೇ 24ಕ್ಕೆ ಸುಗ್ರೀವಾಜ್ಞೆ ಬಂತು, ರಾಜ್ಯಗಳಿಗೆ ಒಂದು ವರ್ಷದ ವಿನಾಯಿತಿ ಸಿಕ್ಕಿತು. ಬರೆದ ಸಿಇಟಿ ಮತ್ತೆ ಲೆಕ್ಕಕ್ಕೆ ಬಂತು. ಹೌದು, ಅದೂ ಒಂದು ಮುಂದೂಡಿಕೆಯೇ, ಅದನ್ನು ನಾನು ಇಂದಿಗೂ ಸರಿ ಎನ್ನುತ್ತೇನೆ. ಆಟದ ನಡುವೆ ನಿಯಮ ಬದಲಿಸಿದವರು ಅವರು, ಮುಂದಕ್ಕೆ ತಳ್ಳಿ ಎಂದು ಕೇಳುವ ಹಕ್ಕು ನಮ್ಮದು. ಸುಮ್ಮನೆ ಓದು ಮುಗಿದಿಲ್ಲ ಎಂದು ಕೇಳುವುದಕ್ಕೂ ಇದಕ್ಕೂ ಅಜಗಜಾಂತರ.

ಇನ್ನು ಹಂಪಿ ಎಕ್ಸ್‌ಪ್ರೆಸ್ಸಿನ ಕಥೆ. 2019ರ ಮೇ 5, ಭಾನುವಾರ. ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ ಕಡೆಯಿಂದ ಬೆಳಗಿನ ಹೊತ್ತಿಗೆ ಬೆಂಗಳೂರು ಮುಟ್ಟಬೇಕಿದ್ದ ರೈಲು ಬೇರೆ ಮಾರ್ಗ ಹಿಡಿದು ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಬಂತು. ಮಕ್ಕಳು ಒಂದೂವರೆಗೆಲ್ಲ ಕೇಂದ್ರದೊಳಗೆ ಇರಬೇಕಿತ್ತು, ಎರಡಕ್ಕೆ ಪರೀಕ್ಷೆ. ಬೆಂಗಳೂರಿನಲ್ಲಿ ಕೇಂದ್ರ ಸಿಕ್ಕ ನೂರಾರು ಮಕ್ಕಳು ರೈಲಿನೊಳಗೇ ಕುಳಿತು ತಮ್ಮ ಪರೀಕ್ಷೆ ಶುರುವಾಗುವುದನ್ನು ಗಡಿಯಾರದಲ್ಲಿ ನೋಡಿದರು. ಮಾರ್ಗ ಬದಲಾದದ್ದನ್ನು ಮೊಬೈಲಿಗೆ ಸಂದೇಶ ಕಳಿಸಿ ತಿಳಿಸಿದ್ದೆವು ಎಂದಿತು ರೈಲ್ವೆ. ರಾತ್ರಿ ರೈಲಿನಲ್ಲಿ ಮಲಗಿದ ಹುಡುಗ ಸಂದೇಶ ಓದಿ ಏನು ಮಾಡಬೇಕಿತ್ತು, ಇಳಿದು ರೈಲನ್ನು ತಳ್ಳಬೇಕಿತ್ತೆ?

ಗದ್ದಲವಾಯಿತು. ಮಾಜಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಟ್ವಿಟರಿನಲ್ಲಿ ಪ್ರಧಾನಿಯನ್ನೇ ಕೇಳಿದರು, ಮುಖ್ಯಮಂತ್ರಿ ಕುಮಾರಸ್ವಾಮಿಯವರೂ ಕೇಳಿದರು. ಮರುದಿನವೇ ಕೇಂದ್ರ ಸಚಿವ ಪ್ರಕಾಶ್ ಜಾವಡೇಕರ್ ಇನ್ನೊಂದು ಅವಕಾಶ ಎಂದು ಸಾರಿದರು. ಫೋನಿ ಚಂಡಮಾರುತದಿಂದ ಒಡಿಶಾದಲ್ಲಿ ನಿಂತಿದ್ದ ಪರೀಕ್ಷೆ ಮೇ 20ಕ್ಕೆ ಇತ್ತು. ಅದರ ಜೊತೆಗೇ ನಮ್ಮ ಮಕ್ಕಳೂ ಬರೆದರು. ದೇಶ ಮುಳುಗಲಿಲ್ಲ. ಉಳಿದ ಹದಿನಾಲ್ಕು ಲಕ್ಷ ಜನರ ಪರೀಕ್ಷೆಗೆ ಏನೂ ಆಗಲಿಲ್ಲ. ಎರಡನೇ ದಿನ ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2023ರಲ್ಲಿ ಗಲಭೆಯ ಕಾರಣ ಮಣಿಪುರದ ಕೇಂದ್ರಗಳವರಿಗೆ ಮಾತ್ರ ಪರೀಕ್ಷೆ ಬೇರೆ ದಿನ ನಡೆಯಿತು, ಅದೂ ಸಾಧ್ಯವಾಯಿತು.

ಆದರೆ ಒಂದು ಮಾತು. ರೈಲು ತಡವಾದರೆ ಸಾವಿರ ಜನರ ಗದ್ದಲ ಇರುತ್ತದೆ, ಕ್ಯಾಮೆರಾ ಇರುತ್ತದೆ, ಮಾಜಿ ಮುಖ್ಯಮಂತ್ರಿ ಇರುತ್ತಾರೆ. ಸವದತ್ತಿ ದಾಟಿ ಬಸ್ಸಿನ ಟೈರು ಒಡೆದು ಮೂರು ಮಕ್ಕಳು ರಸ್ತೆಯ ಮೇಲೆ ನಿಂತರೆ? ಅವರ ಪರವಾಗಿ ಟ್ವೀಟ್ ಮಾಡುವವರು ಯಾರು? ಅದಕ್ಕೇ ಹೇಳುವುದು ನಿಯಮ ಬೇಕು ಎಂದು. ಗದ್ದಲ ಮಾಡಬಲ್ಲವರಿಗೆ ಮಾತ್ರ ಸಿಗುವ ನ್ಯಾಯ ಕೊನೆಗೆ ರಾಜಧಾನಿಯವರ ನ್ಯಾಯವೇ ಆಗುತ್ತದೆ. 2023ರ ಮೇ 7ರ ನೀಟ್ ದಿನ ನಮ್ಮ ವಿಧಾನಸಭಾ ಚುನಾವಣೆಯ ಪ್ರಚಾರ ಬಿರುಸಿನಲ್ಲಿತ್ತು. ಬೆಂಗಳೂರಿನಲ್ಲಿ ಪ್ರಧಾನಿಯ ರೋಡ್ ಶೋ ಇತ್ತು. ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬ ಮಾತು ಎದ್ದಿತು, ಆ ದಿನದ ಮೆರವಣಿಗೆಯನ್ನೇ ಮೊಟಕು ಮಾಡಿದರು. ಒಳ್ಳೆಯದೇ ಆಯಿತು. ಬೆಂಗಳೂರಿನ ರಸ್ತೆಗೆ ಸಿಕ್ಕ ಆ ಕಾಳಜಿ ಮಲಪ್ರಭೆಯ ದಂಡೆಗೂ ಸಿಗಲಿ ಎನ್ನುವುದಷ್ಟೇ ನನ್ನ ಬೇಡಿಕೆ.

ಹೊರದೇಶಗಳು ಇದನ್ನು ಹೇಗೆ ಮಾಡುತ್ತವೆ? 2017ರ ನವೆಂಬರ್ 15ಕ್ಕೆ ದಕ್ಷಿಣ ಕೊರಿಯಾದ ಪೊಹಾಂಗಿನಲ್ಲಿ ಭೂಕಂಪವಾಯಿತು. ಮರುದಿನವೇ ಅವರ ಕಾಲೇಜು ಪ್ರವೇಶ ಪರೀಕ್ಷೆ. ಅಂದೇ ರಾತ್ರಿ ಮುಂದೂಡಿದರು, ಮುಂದೂಡಿದಾಗಲೇ ಹೊಸ ದಿನವನ್ನೂ ಹೇಳಿದರು: ಸರಿಯಾಗಿ ಒಂದು ವಾರ. 2020ರ ಜುಲೈನಲ್ಲಿ ಚೀನಾದ ಅನ್ಹುಯಿ ಪ್ರಾಂತ್ಯದ ಒಂದು ಕಡೆ, ನಮ್ಮ ತಾಲೂಕಿನಂಥ ಒಂದು ಪ್ರದೇಶದಲ್ಲಿ, ಪರೀಕ್ಷೆಯ ಬೆಳಿಗ್ಗೆಯೇ ನೆರೆ ಬಂತು. ಇಡೀ ಚೀನಾದ ಪರೀಕ್ಷೆ ನಿಲ್ಲಿಸಲಿಲ್ಲ. ಆ ಒಂದು ಪ್ರದೇಶದ ಮಕ್ಕಳಿಗೆ ಎರಡು ದಿನ ಬಿಟ್ಟು, ಮೊದಲೇ ಸಿದ್ಧವಿದ್ದ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದರು.

ನಮ್ಮಲ್ಲಿ? ವೈದ್ಯರಾದ ಮೇಲೆ ಬರೆಯುವ ಸ್ನಾತಕೋತ್ತರ ನೀಟ್ 2024ರ ಜೂನ್ 23ರ ಬೆಳಿಗ್ಗೆ ಇತ್ತು. ಮುಂದೂಡಿದ್ದೇವೆ ಎಂದು ಹೇಳಿದ್ದು 22ರ ರಾತ್ರಿ. ಆಗಲೇ ಊರುಬಿಟ್ಟು ಬಂದು ಲಾಡ್ಜಿನಲ್ಲಿ ಮಲಗಿದ್ದವರು ಎದ್ದು ಕುಳಿತರು. ಹೊಸ ದಿನ ಯಾವುದು? ಹೇಳಲಿಲ್ಲ. ಜುಲೈ 5ರವರೆಗೆ ಕಾಯಿಸಿ ಆಗಸ್ಟ್ 11 ಎಂದರು. ಡಾಕ್ಟರ ಕೋಟು ಹಾಕಿದವರ ಪಾಡೇ ಹೀಗಾದರೆ ಹದಿನೆಂಟು ವಯಸ್ಸಿನ ಹುಡುಗರನ್ನು ಕೇಳುವವರು ಯಾರು?

“ಹಳ್ಳಿಯ ಮಕ್ಕಳಿಗೇ ಹೆಚ್ಚು ಸಮಯ ಬೇಕಲ್ಲವೆ? ಕನ್ನಡ ಶಾಲೆಯಿಂದ ಬಂದವರು ಇಂಗ್ಲಿಷಿಗೆ ದಾಟಲು ತಿಣುಕುತ್ತಾರೆ, ಎರಡು ತಿಂಗಳು ಸಿಕ್ಕರೆ ಅವರಿಗೇ ಲಾಭವಲ್ಲವೆ?” ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುವನ್ನು ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷ್ ಕಡಲಿಗೆ ತಳ್ಳಿದ ಗಾಯಕ್ಕೆ ಎರಡು ತಿಂಗಳು ಮದ್ದಲ್ಲ. 2017ರ ನೀಟ್‌ಗೆಂದು ಮೊದಲು ಪ್ರಕಟಿಸಿದ ಎಂಟು ಭಾಷೆಗಳಲ್ಲಿ ಕನ್ನಡವೇ ಇರಲಿಲ್ಲ; ಕೂಗಾಡಿದ ಮೇಲೆ ಕನ್ನಡವನ್ನೂ ಒಡಿಯಾವನ್ನೂ ಸೇರಿಸಿದರು. ಸೇರಿಸಿದ ಮೇಲೆ ಎಷ್ಟು ಜನ ಕನ್ನಡ ಆರಿಸಿಕೊಂಡರು? 2020ರ ಲೆಕ್ಕ: ಕನ್ನಡ 1,005. ಗುಜರಾತಿ 59,055. ಬಂಗಾಳಿ 36,593. ತಮಿಳು 17,101. ಪಿಯುಸಿಯಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸದೆ ಪ್ರಶ್ನೆಪತ್ರಿಕೆಯನ್ನು ಮಾತ್ರ ಕನ್ನಡದಲ್ಲಿ ಕೊಟ್ಟರೆ ಆಗುವುದು ಇಷ್ಟೇ. ಇದು ದಿಲ್ಲಿಯ ತಪ್ಪಲ್ಲ, ನಮ್ಮ ವಿಧಾನಸೌಧದ ತಪ್ಪು. ಜೊತೆಗೆ ಆ ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ ಎಂಬ ನಿಯಮ ಬೇರೆ. ಕಾಸರಗೋಡಿನ, ಜತ್ತದ, ಅಕ್ಕಲಕೋಟೆಯ ಕನ್ನಡ ಮಗು ಗಡಿ ದಾಟಿ ಬಂದು ಬರೆಯಬೇಕು. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಇವೆಲ್ಲ ಇದ್ದ ಹಾಗೇ ಇರುವಾಗ ದಿನ ಮುಂದೆ ಹೋದರೆ ಲಾಭ ಯಾರಿಗೆ? ಕೋಚಿಂಗ್ ಅಂಗಡಿಗೆ, ಮತ್ತು ಅದರ ಫೀಸು ಕಟ್ಟಬಲ್ಲವನಿಗೆ.

ಮುಂದೂಡಿದ್ದರ ಬಾಲ ಎಷ್ಟು ಉದ್ದ ಎನ್ನುವುದನ್ನೂ ಮರೆಯಬೇಡಿ. 2020ರ ಸಾಲಿನ ಎಂಬಿಬಿಎಸ್ ತರಗತಿ ಶುರುವಾದದ್ದು 2021ರ ಫೆಬ್ರವರಿಯಲ್ಲಿ. 2021ರ ಸಾಲಿನದು 2022ರ ಫೆಬ್ರವರಿಯಲ್ಲಿ. ಅಷ್ಟು ದಿನ ಬಡವರ ಮನೆಯ ಹುಡುಗ ಏನು ಮಾಡಬೇಕು? ಸಿಇಟಿಯಲ್ಲಿ ಸಿಕ್ಕ ಕೃಷಿ ಪದವಿಯ ಸೀಟಿಗೆ ದುಡ್ಡು ಕಟ್ಟಬೇಕೆ, ಮೆಡಿಕಲ್ ಸಿಕ್ಕೀತು ಎಂದು ಕಾಯಬೇಕೆ? ಕಟ್ಟಿದರೆ ಆ ದುಡ್ಡು ಹೋದೀತು, ಕಾಯ್ದರೆ ಇದ್ದ ಸೀಟೂ ಹೋದೀತು. ಉಳ್ಳವರು ಎರಡೂ ದೋಣಿಯಲ್ಲಿ ಕಾಲಿಡುತ್ತಾರೆ. ಇಲ್ಲದವನು ದಡದಲ್ಲೇ ನಿಲ್ಲುತ್ತಾನೆ.

ಆದ್ದರಿಂದ ಮನವಿ ಬಂದಾಗ ಗುಂಡಿ ಒತ್ತಬೇಡಿ, ನಿಮ್ಮದೇ ಮನವಿ ಬರೆಯಿರಿ. ನೆರೆ, ರೋಗ, ರೈಲು, ಬಸ್ಸು, ಯಾವ ಕಾರಣಕ್ಕೆ ಎರಡನೇ ದಿನ ಸಿಗುತ್ತದೆ ಎಂಬುದು ಅರ್ಜಿ ತುಂಬುವಾಗಲೇ ಕೈಪಿಡಿಯಲ್ಲಿ ಅಚ್ಚಾಗಿರಲಿ. ತಹಶೀಲ್ದಾರರ ಒಂದು ಪತ್ರ ಅದಕ್ಕೆ ಸಾಕಾಗಲಿ, ಅದಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋಗುವುದು ತಪ್ಪಲಿ. ದಿನ ಬದಲಿಸಲೇಬೇಕಾದರೆ ಹೊಸ ದಿನವನ್ನು ಅದೇ ಪ್ರಕಟಣೆಯಲ್ಲಿ ಹೇಳಲಿ, ಆ ಪ್ರಕಟಣೆ ಅದೇ ಹೊತ್ತಿಗೆ ಕನ್ನಡದಲ್ಲೂ ಬರಲಿ. ಕರ್ನಾಟಕದ ಮಟ್ಟಿಗೆ ಮುಂದೂಡಬೇಕೆ ಬೇಡವೆ ಎನ್ನುವಾಗ ಈ ರಾಜ್ಯದ ಪರೀಕ್ಷಾ ಪ್ರಾಧಿಕಾರವನ್ನು ಕೇಳಿಯೇ ನಿರ್ಧರಿಸಲಿ. ನೀಟ್ ಬೇಡ ಎಂದು ನಮ್ಮ ವಿಧಾನಮಂಡಲ 2024ರ ಜುಲೈನಲ್ಲಿ ನಿರ್ಣಯ ಮಾಡಿದ್ದು ಸರಿ. ಆ ದೊಡ್ಡ ಜಗಳ ಮುಗಿಯುವ ತನಕ ಈ ಸಣ್ಣ ಜಗಳವನ್ನಾದರೂ ಗೆಲ್ಲೋಣ. ನಿಮ್ಮ ಸಂಸದರಿಗೆ ಬರೆಯಿರಿ, ಕನ್ನಡದಲ್ಲೇ ಬರೆಯಿರಿ.

ಇನ್ನೊಂದು ಕೆಲಸ ಇದೆ, ಅದಕ್ಕೆ ದಿಲ್ಲಿಯ ಅಪ್ಪಣೆ ಬೇಡ. ಪರೀಕ್ಷೆಯ ದಿನ ಬೆಳಿಗ್ಗೆ ಬೆಂಗಳೂರಿನ ಯಶವಂತಪುರದಲ್ಲಿ, ಮೆಜೆಸ್ಟಿಕ್ಕಿನಲ್ಲಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಬಸ್‌ನಿಲ್ದಾಣಗಳಲ್ಲಿ ಪ್ರವೇಶಪತ್ರ ಹಿಡಿದು ದಾರಿ ತಿಳಿಯದೆ ನಿಂತ ಮಕ್ಕಳು, ಅವರ ಪಕ್ಕದಲ್ಲಿ ಧೋತರ ಉಟ್ಟ ಅಪ್ಪಂದಿರು ಸಿಗುತ್ತಾರೆ. ನಿಮ್ಮ ಬಡಾವಣೆಯ ನಾಲ್ಕು ಗೆಳೆಯರನ್ನು ಸೇರಿಸಿ. ಹಿಂದಿನ ರಾತ್ರಿಯೇ ಕೇಂದ್ರಗಳ ವಿಳಾಸ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಆರು ಗಂಟೆಗೆ ಒಂದು ಕನ್ನಡ ಫಲಕ ಹಿಡಿದು ನಿಲ್ದಾಣದ ಬಾಗಿಲಲ್ಲಿ ನಿಲ್ಲಿ. ಬೈಕಿನಲ್ಲಿ ಪೆಟ್ರೋಲ್ ಇರಲಿ, ಹಿಂದಿನ ಸೀಟು ಖಾಲಿ ಇರಲಿ.